ಹಾಸನಕ್ಕೆ ಎರಡು, ಬೆಳ್ಳೂರಿಗೆ ಒಂದು

ಬೆಂಗಳೂರಿನಿಂದ ಹಾಸನದ ಬಸ್ಸು ಹತ್ತಿ, ಕಂಡಕ್ಟರು ಟಿಕೆಟ್ ಕೊಡಲು ಶುರುಮಾಡಿದಾಗ ಸುಮ್ಮನೆ ಕಿವಿಗೊಟ್ಟು ಕೂತರೆ ಸಾಕು. “ಹಾಸನಕ್ಕೆ ಎರಡು.” “ಕುಣಿಗಲ್ಲಿಗೆ ಒಂದು.” “ಹಿರೀಸಾವೆಗೆ ಒಂದು ಫುಲ್ಲು, ಒಂದು ಹಾಫು.” “ಬೆಳ್ಳೂರಿಗೆ.” “ಚನ್ನರಾಯಪಟ್ಟಣಕ್ಕೆ ಮೂರು, ಚಿಲ್ಲರೆ ಇಲ್ಲ ಕಣಪ್ಪ.” ಬಸ್ಸಿನಲ್ಲಿ ಓದಿದವರಿದ್ದಾರೆ, ಓದದವರಿದ್ದಾರೆ, ಅಮ್ಮನ ತೊಡೆಯ ಮೇಲೆ ಕೂತ ಮಕ್ಕಳಿದ್ದಾರೆ. ಒಬ್ಬರ ಬಾಯಲ್ಲೂ ‘ಹಾಸನಿಗೆ’ ಬರುವುದಿಲ್ಲ, ‘ಬೆಳ್ಳೂರಕ್ಕೆ’ ಬರುವುದಿಲ್ಲ. ಯಾವ ಊರಿಗೆ ‘ಗೆ’, ಯಾವ ಊರಿಗೆ ‘ಕ್ಕೆ’ ಎಂದು ಇವರಿಗೆ ಹೇಳಿಕೊಟ್ಟವರು ಯಾರು?

ಈ ಪ್ರಶ್ನೆ ನನಗೆ ನೆನಪಾದದ್ದು ಅಕ್ಕನ ಮಗಳಿಂದ. ಕಾಲೇಜಿನಲ್ಲಿ ಭಾಷಾವಿಜ್ಞಾನ ತೆಗೆದುಕೊಂಡಿರುವ ಅವಳು ಮೊದಲ ವಾರದ ಅಭ್ಯಾಸದ ಹಾಳೆಯ ಫೋಟೊ ಕಳಿಸಿದ್ದಳು. ಸ್ವಾಹಿಲಿಯ ಹತ್ತು ಪದ, ಟರ್ಕಿಯ ಹತ್ತು ಪದ, ಇಂಗ್ಲಿಷಿನ ನಾಲ್ಕು ವಾಕ್ಯ. ಕನ್ನಡದ್ದು ಒಂದಕ್ಷರವಿಲ್ಲ. “ಮಾಮ, ಇದು ಗಣಿತವೋ ಭಾಷೆಯೋ ಗೊತ್ತಾಗ್ತಿಲ್ಲ” ಎಂದು ಕೆಳಗೆ ಬರೆದಿದ್ದಳು. ಹಾಳೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಈಜು ಕಲಿಸಲು ಮನೆಯ ಹಿಂದಿನ ಕೆರೆ ಬಿಟ್ಟು ಸಮುದ್ರಕ್ಕೆ ಕರೆದೊಯ್ದ ಹಾಗಿತ್ತು. ಅವಳಿಗೆ ಮಾಡಿಕೊಟ್ಟ ಅಭ್ಯಾಸಗಳನ್ನೇ ಇಲ್ಲಿ ಕೊಡುತ್ತಿದ್ದೇನೆ. ಬೇಕಾಗಿರುವುದು ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು, ಕನ್ನಡ ಆಡುವ ಒಂದು ಬಾಯಿ. ಶಾಲೆಯ ವ್ಯಾಕರಣವನ್ನು ಸದ್ಯಕ್ಕೆ ಕಪಾಟಿನಲ್ಲೇ ಇಡಿ. ಅದನ್ನು ತೆರೆದರೆ ಉತ್ತರ ಮೊದಲು ಸಿಗುತ್ತದೆ, ಪ್ರಶ್ನೆ ಹುಟ್ಟುವುದೇ ಇಲ್ಲ.

ಗೆ, ಕ್ಕೆ, ಇಗೆ

ನೋಟ್‌ಬುಕ್ಕಿನಲ್ಲಿ ಮೂರು ಕಂಬ ಹಾಕಿ, ನೆನಪಿಗೆ ಬಂದ ಊರುಗಳನ್ನೆಲ್ಲ ಹಂಚಿ. ಹಾಸನಕ್ಕೆ, ಧಾರವಾಡಕ್ಕೆ, ಕೊಪ್ಪಳಕ್ಕೆ, ನೆಲಮಂಗಲಕ್ಕೆ ಒಂದು ಕಡೆ. ಹುಬ್ಬಳ್ಳಿಗೆ, ಹಿರೀಸಾವೆಗೆ, ದಾವಣಗೆರೆಗೆ, ಮುಂಬೈಗೆ ಇನ್ನೊಂದು ಕಡೆ. ಮೈಸೂರಿಗೆ, ರಾಯಚೂರಿಗೆ, ಕುಣಿಗಲ್ಲಿಗೆ ಮೂರನೆಯ ಕಡೆ. ಇಪ್ಪತ್ತು ಊರು ಬರೆಯುವಷ್ಟರಲ್ಲಿ ನಿಯಮ ತಾನಾಗಿಯೇ ಕಣ್ಣಿಗೆ ಬೀಳುತ್ತದೆ: ಹೆಸರು ಅಕಾರದಲ್ಲಿ ಮುಗಿದರೆ ‘ಕ್ಕೆ’, ಇ-ಎ-ಐಗಳಲ್ಲಿ ಮುಗಿದರೆ ‘ಗೆ’, ಉಕಾರದಲ್ಲೋ ವ್ಯಂಜನದಲ್ಲೋ ಮುಗಿದರೆ ‘ಇಗೆ’. ಒಂದೇ ಅರ್ಥ, ಮೂರು ವೇಷ. ಭಾಷಾವಿಜ್ಞಾನದ ಪುಸ್ತಕಗಳು ಅರ್ಥವುಳ್ಳ ಇಂಥ ಅತಿ ಚಿಕ್ಕ ತುಂಡನ್ನು ಆಕೃತಿಮಾ ಎನ್ನುತ್ತವೆ.

ಇಲ್ಲಿಗೆ ಪೆನ್ಸಿಲ್ಲು ಕೆಳಗಿಟ್ಟರೆ ಅರ್ಧ ಕೆಲಸ ಮಾಡಿದ ಹಾಗೆ. ನಿಯಮ ಸಿಕ್ಕಿದ ಮೇಲೆ ಅದನ್ನು ಮುರಿಯಲು ಹೊರಡಬೇಕು. ನಿಜವಾದ ಅಭ್ಯಾಸ ಅದೇ. ‘ರಾಮ’ ಅಕಾರಾಂತ. ಆದರೆ ರಾಮಕ್ಕೆ ಎನ್ನುವುದಿಲ್ಲ, ರಾಮನಿಗೆ ಎನ್ನುತ್ತೇವೆ. ಅಣ್ಣನಿಗೆ, ಅಮ್ಮನಿಗೆ, ಹುಡುಗನಿಗೆ. ಹಾಗಾದರೆ ಮನುಷ್ಯರಿಗೊಂದು ನಿಯಮ, ಮರಕ್ಕೊಂದು ನಿಯಮ ಎಂದು ತಿದ್ದಿಕೊಳ್ಳಿ. ಆಮೇಲೆ ಅದನ್ನೂ ಮುರಿಯಿರಿ: ಸೂರ್ಯನಿಗೆ, ಚಂದ್ರನಿಗೆ ಎನ್ನುತ್ತೇವೆ, ನಕ್ಷತ್ರಕ್ಕೆ ಎನ್ನುತ್ತೇವೆ. ಮೊಲಕ್ಕೆ, ಸಿಂಹಕ್ಕೆ ಎಂದರೂ ಗಾದೆಯಲ್ಲಿ ಕಿನ್ನರಿ ಬಾರಿಸುವುದು ‘ಕೋಣದ’ ಮುಂದಲ್ಲ, ‘ಕೋಣನ’ ಮುಂದೆ. ಯಾರನ್ನು ‘ಅವನು’ ಎನ್ನುತ್ತೇವೆ, ಯಾವುದನ್ನು ‘ಅದು’ ಎನ್ನುತ್ತೇವೆ ಎಂಬ ಲೆಕ್ಕ ಇಲ್ಲಿ ಕೂತಿದೆ. ಆ ಲೆಕ್ಕದ ಪ್ರಕಾರ ಸೂರ್ಯ ನಮ್ಮ ಪಂಕ್ತಿಯವನು.

ಉಕಾರದಲ್ಲಿ ಇನ್ನೂ ಸೊಗಸಾದ ತೊಡಕಿದೆ. ಊರು, ಹಾಲು, ಕಣ್ಣು, ಹೆಸರು ಎಲ್ಲವೂ ತಮ್ಮ ‘ಉ’ವನ್ನು ಬಿಟ್ಟುಕೊಟ್ಟು ಊರಿಗೆ, ಹಾಲಿಗೆ, ಕಣ್ಣಿಗೆ, ಹೆಸರಿಗೆ ಆಗುತ್ತವೆ. ಮಗು, ಹಸು, ಕರು, ನಗು ಮಾತ್ರ ಹಿಡಿದ ‘ಉ’ ಬಿಡುವುದಿಲ್ಲ: ಮಗುವಿಗೆ, ಹಸುವಿಗೆ, ಕರುವಿಗೆ, ನಗುವಿಗೆ. ಎರಡು ಗುಂಪುಗಳನ್ನೂ ಗಟ್ಟಿಯಾಗಿ ಓದಿ. ಎರಡನೆಯ ಗುಂಪಿನಲ್ಲಿ ಮೊದಲಕ್ಷರ ಹ್ರಸ್ವ, ಮುಂದಿರುವುದು ಒಂಟಿ ವ್ಯಂಜನ, ಅಷ್ಟಕ್ಕೇ ಪದ ಮುಗಿಯಿತು. ‘ಉ’ ತೆಗೆದರೆ ಉಳಿಯುವುದು ಕೈಗೆ ಸಿಗದಷ್ಟು ಪುಟ್ಟ ತುಂಡು. ಊರು, ಹಾಲು, ಕಣ್ಣುಗಳದ್ದು ಬೇರೆ ಕಥೆ. ಹಳಗನ್ನಡದಲ್ಲಿ ಅವು ಊರ್, ಪಾಲ್, ಕಣ್ ಆಗಿದ್ದವು. ಕೊನೆಯ ‘ಉ’ ಆಮೇಲೆ ಬಂದು ಸೇರಿದ್ದು. ಅದಕ್ಕೇ ಅದು ಹೊರಡಲು ಯಾವಾಗಲೂ ತಯಾರು. ‘ಕುಣಿಗಲ್ಲಿಗೆ’, ‘ಬಸ್ಸಿಗೆ’, ‘ಆಫೀಸಿಗೆ’ಗಳ ಜೊತೆ ‘ಊರಿಗೆ’ ಒಂದೇ ಕಂಬದಲ್ಲಿ ಕೂರುವುದೂ ಅದಕ್ಕೇ. ಸಂಸ್ಕೃತದಿಂದ ಬಂದ ವಸ್ತು, ಬಂಧುಗಳು ನನ್ನ ಹ್ರಸ್ವದ ನಿಯಮಕ್ಕೆ ಒಗ್ಗುವುದಿಲ್ಲ. ಅವನ್ನು ಪಟ್ಟಿಯ ಕೆಳಗೆ ಗೆರೆ ಎಳೆದು ಪ್ರತ್ಯೇಕ ಬರೆದಿಡಿ. ಒಗ್ಗದ್ದನ್ನು ಮುಚ್ಚಿಡುವುದು ಈ ಕೆಲಸದಲ್ಲಿ ದೊಡ್ಡ ತಪ್ಪು.

ಇನ್ನೊಂದು ಉಳಿಯಿತು. ‘ಊರು’ ಮತ್ತು ‘ನೂರು’ ಕಿವಿಗೆ ಅವಳಿಜವಳಿ. ಆದರೆ ಊರಿಗೆ ಹೋಗುತ್ತೇವೆ, ನೂರಕ್ಕೆ ನೂರು ತೆಗೆಯುತ್ತೇವೆ. ಬಸ್ಸು ಏಳಕ್ಕೆ ಹೊರಡುತ್ತದೆ. ಗಾದೆಯವನು ಆರಕ್ಕೇರುವುದಿಲ್ಲ, ಮೂರಕ್ಕಿಳಿಯುವುದಿಲ್ಲ. ಸಂಖ್ಯೆಗಳು ಯಾಕೆ ಹೀಗೆ? ‘ಅದು’ ಪದದ ರೂಪಗಳನ್ನು ಪಕ್ಕದಲ್ಲಿಡಿ: ಅದಕ್ಕೆ, ಅದರಲ್ಲಿ, ಅದರ. ಈಗ ಹತ್ತಕ್ಕೆ, ಹತ್ತರಲ್ಲಿ, ಹತ್ತರ. ಸಂಖ್ಯೆಗಳು ಹೆಸರುಗಳ ಗುಂಪಿಗೆ ಸೇರದೆ ‘ಅದು, ಇದು’ಗಳ ಹಿಂದೆ ಹೊರಟಿವೆ. ಇದನ್ನು ಕಂಡುಹಿಡಿದ ದಿನ ಅಕ್ಕನ ಮಗಳು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದಳು. ಹನ್ನೊಂದಿಗೆ ಅಲ್ಲ, ಗಮನಿಸಿ.

ಇಲ್ಲದ ಊರು

ನಮ್ಮೊಳಗಿರುವುದು ನಿಜಕ್ಕೂ ನಿಯಮವೇ, ಇಲ್ಲ ಕೇಳಿ ಕೇಳಿ ಬಾಯಿಪಾಠ ಆದದ್ದೇ ಎಂಬ ಅನುಮಾನ ಯಾರಿಗಾದರೂ ಬರಬೇಕು. ಅದನ್ನು ತೀರಿಸಿಕೊಳ್ಳುವ ಉಪಾಯವನ್ನು 1958ರಲ್ಲಿ ಅಮೆರಿಕದ ಜೀನ್ ಬರ್ಕೊ ತೋರಿಸಿಕೊಟ್ಟರು. ಹಕ್ಕಿಯಂಥ ಒಂದು ಪ್ರಾಣಿಯ ಚಿತ್ರ ಬರೆದು ಅದಕ್ಕೆ ‘ವಗ್’ ಎಂದು ಹೆಸರಿಟ್ಟು, ಈಗ ಎರಡಿವೆ, ಎರಡು ಏನು ಎಂದು ಪುಟ್ಟ ಮಕ್ಕಳನ್ನು ಕೇಳಿದರು. ಹಿಂದೆಂದೂ ಕೇಳದ ಆ ಪದಕ್ಕೆ ಮಕ್ಕಳು ಬಹುವಚನ ಹಚ್ಚಿದರು.

ಕನ್ನಡದಲ್ಲಿ ಇದನ್ನು ಮಾಡಲು ಚಿತ್ರವೂ ಬೇಡ. ಮನೆಯಲ್ಲಿ ಐದಾರು ವರ್ಷದ ಮಗುವಿದ್ದರೆ, “ಬೊಳಕ ಅಂತ ಒಂದು ಊರಿದೆ, ನಾಳೆ ಹೋಗೋಣ. ಎಲ್ಲಿಗೆ ಹೋಗೋಣ?” ಎಂದು ಕೇಳಿ. ನಮ್ಮ ಮನೆಯ ಹುಡುಗ ಆಟದ ಕಾರಿನಿಂದ ಕಣ್ಣೆತ್ತದೆ “ಬೊಳಕಕ್ಕೆ” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಬೊಳಕ ಅಂತ ನನಗೊಬ್ಬ ಫ್ರೆಂಡ್ ಇದಾನೆ, ಈ ಚಾಕ್ಲೇಟು ಯಾರಿಗೆ ಕೊಡಲಿ?” ಎಂದು ಕೇಳಿದೆ. “ಬೊಳಕನಿಗೆ” ಎಂದು ಹೇಳಿ, ಆಮೇಲೆ ಕೈ ಚಾಚಿ “ನನಗೂ” ಎಂದ. ಪದ ಒಂದೇ. ಊರಾದಾಗ ಒಂದು ಪ್ರತ್ಯಯ, ಗೆಳೆಯನಾದಾಗ ಇನ್ನೊಂದು.

ಕ್ರಿಯಾಪದಕ್ಕೆ ಕತ್ತರಿ

ನಾಮಪದ ಸಾಕಾದರೆ ಒಂದು ಉದ್ದನೆಯ ಕ್ರಿಯಾಪದವನ್ನು ಕತ್ತರಿಸಿ ನೋಡಿ. ‘ಬರೆಸಿಕೊಳ್ಳುತ್ತಿದ್ದಳಂತೆ.’ ಕತ್ತರಿಸುವ ವಿಧಾನ ಒಂದೇ: ಒಂದು ತುಂಡನ್ನು ಬದಲಿಸು, ಉಳಿದದ್ದು ಏನಾಯಿತು ನೋಡು. ‘ಅಳು’ ತೆಗೆದು ‘ಅನು’ ಹಾಕಿದರೆ ಬರೆಸಿಕೊಳ್ಳುತ್ತಿದ್ದನಂತೆ. ಬದಲಾದದ್ದು ಆಳು ಮಾತ್ರ. ‘ಅಂತೆ’ ಕಿತ್ತರೆ ಸುದ್ದಿ ನಾನೇ ಕಂಡದ್ದಾಗುತ್ತದೆ, ಇಟ್ಟರೆ ಯಾರೋ ಹೇಳಿದ್ದು. ‘ಕೊಳ್ಳು’ ಕಿತ್ತರೆ ಬರೆಸುತ್ತಿದ್ದಳಂತೆ. ಅದರ ಜೊತೆಗೆ ಹಿಂದಿದ್ದ ‘ಇ’ ಕೂಡ ಹೋಯಿತು. ಅಂದರೆ ‘ಬರೆಸಿ’ಯ ಆ ‘ಇ’ ಇದ್ದದ್ದು ಕೊಳ್ಳುವಿನ ಸಲುವಾಗಿ. ಈಗ ಮತ್ತೊಬ್ಬರ ಕೈಯಲ್ಲಿ ಮಾಡಿಸುವುದನ್ನು ಹೇಳುವ ‘ಇಸು’ ಒಂದನ್ನೇ ಕೀಳಿ: ಬರೆದುಕೊಳ್ಳುತ್ತಿದ್ದಳಂತೆ. ‘ಇ’ ಇದ್ದ ಜಾಗದಲ್ಲಿ ‘ದು’ ಬಂದು ಕೂತಿದೆ! ಹಾಡಿ, ಮಾಡಿ, ಬರೆಸಿಗಳ ‘ಇ’ಯೂ ಬರೆದು, ಕರೆದುಗಳ ‘ದು’ವೂ ಒಂದೇ ತುಂಡಿನ ಎರಡು ರೂಪ. ನನ್ನ ಲೆಕ್ಕಕ್ಕೆ ಇಲ್ಲಿ ಒಂಬತ್ತು ತುಂಡುಗಳಿವೆ: ಬರೆ, ಇಸು, ಇ, ಕೊಳ್ಳು, ಉತ್ತ, ಇರು, ದ, ಅಳು, ಅಂತೆ. ನಿಮ್ಮ ಲೆಕ್ಕ ಎಂಟಾದರೆ ಜಗಳಕ್ಕೆ ಬನ್ನಿ, ಆದರೆ ಕತ್ತರಿಸಿದ ಕಾರಣ ತನ್ನಿ.

ಸೊನ್ನೆಯೊಳಗಿನ ಐದು ಧ್ವನಿ

ಧ್ವನಿಯ ಅಭ್ಯಾಸಗಳಿಗೆ ಕನ್ನಡಿಗರಿಗೆ ಒಂದನೇ ಕ್ಲಾಸಿನಲ್ಲೇ ಸಿಕ್ಕ ಅನುಕೂಲವೊಂದಿದೆ. ಕ, ಚ, ಟ, ತ, ಪ ಎಂದು ನಿಧಾನವಾಗಿ ಹೇಳಿ ನಾಲಿಗೆ ಎಲ್ಲಿ ತಾಗುತ್ತದೆಂದು ಗಮನಿಸಿ. ಗಂಟಲ ಕಡೆಯಿಂದ ಹೊರಟು, ಅಂಗುಳ ದಾಟಿ, ಹಲ್ಲಿಗೆ ಬಂದು, ತುಟಿಯಲ್ಲಿ ನಿಲ್ಲುತ್ತದೆ. ಗೋಡೆಗೆ ನೇತುಹಾಕುವ ವರ್ಣಮಾಲೆಯ ಆ 25 ವರ್ಗೀಯ ವ್ಯಂಜನಗಳು ಬಾಯಿಯ ನಕ್ಷೆಯೇ ಸರಿ. ಪ-ಫಗಳ ವ್ಯತ್ಯಾಸಕ್ಕೆ ತುಟಿಯ ಮುಂದೆ ತೆಳು ಕಾಗದದ ಚೂರು ಹಿಡಿಯಿರಿ, ಘೋಷಕ್ಕೆ ಗಂಟಲ ಮೇಲೆ ಬೆರಳಿಡಿ: ‘ಸ್ಸ್’ ಎಂದಾಗ ಸುಮ್ಮನಿರುತ್ತದೆ, ‘ಮ್ಮ್’ ಎಂದಾಗ ನಡುಗುತ್ತದೆ. ಇವು ಐದು ನಿಮಿಷದ ಕೆಲಸ.

ಹೆಚ್ಚು ಹೊತ್ತು ಕೂರಬೇಕಾದದ್ದು ಸೊನ್ನೆಯ ಮುಂದೆ. ಬೆಂಕಿ, ಮಂಚ, ಗಂಟು, ಹಂದಿ, ಕಂಬ. ಐದಕ್ಕೂ ಬರೆಯುವುದು ಒಂದೇ ಸೊನ್ನೆ. ‘ಬೆಂಕಿ’ ಹೇಳಲು ಹೊರಟು ‘ಕಿ’ ಬರುವ ಮೊದಲೇ ನಿಲ್ಲಿಸಿ, ನಾಲಿಗೆ ಎಲ್ಲಿದೆ ನೋಡಿ. ಹಿಂದುಗಡೆ ಎದ್ದು ನಿಂತಿದೆ. ‘ಕಂಬ’ದಲ್ಲಿ ಹಾಗೆಯೇ ನಿಲ್ಲಿಸಿ. ನಾಲಿಗೆ ಬಿದ್ದುಕೊಂಡಿದೆ, ತುಟಿ ಮುಚ್ಚಿದೆ. ‘ಗಂಟು’ವಿನಲ್ಲಿ ತುದಿ ಮೇಲಕ್ಕೆ ಮಡಚಿದೆ, ‘ಹಂದಿ’ಯಲ್ಲಿ ಹಲ್ಲಿಗೆ ಒತ್ತಿದೆ. ಮುಂದೆ ಬರುವ ವ್ಯಂಜನದ ಜಾಗಕ್ಕೆ ಸೊನ್ನೆ ಮುಂಚಿತವಾಗಿಯೇ ಹೋಗಿ ಕೂತಿರುತ್ತದೆ. ಧ್ವನಿ ಐದು, ಆದರೆ ಆ ಜಾಗದಲ್ಲಿ ಯಾವುದು ಬರುತ್ತದೆಂದು ಮೊದಲೇ ಹೇಳಬಹುದಾದ್ದರಿಂದ ಅಕ್ಷರ ಒಂದೇ ಸಾಕು. ಸೊನ್ನೆ ಕಂಡುಹಿಡಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಬೇರೆ ಜಾಗಗಳಲ್ಲಿ ಹಾಗೆ ಊಹಿಸಲಾಗದು. ಮನೆಯಲ್ಲಿ ವಾಸ ಮಾಡುತ್ತೇವೆ, ಮಣೆಯ ಮೇಲೆ ಕೂರುತ್ತೇವೆ. ಒಂದೇ ಒಂದು ಧ್ವನಿ ಬದಲಾಗಿ ಅರ್ಥ ಬದಲಾಗುವ ಇಂಥ ಜೋಡಿಗಳನ್ನು ಹುಡುಕಿ ಬರೆಯುವುದು ಭಾಷಾವಿಜ್ಞಾನದ ಹಳೆಯ ಅಭ್ಯಾಸ. ಹಲ್ಲಿ-ಹಳ್ಳಿ, ಹುಲಿ-ಹುಳಿ, ಬೆಲೆ-ಬೆಳೆ, ಕೊಲೆ-ಕೊಳೆ. ಅರ್ಥ ಬದಲಿಸುವ ತಾಕತ್ತಿರುವ ಧ್ವನಿಗೆ ಧ್ವನಿಮಾ ಎಂದು ಹೆಸರು. ಲ-ಳ ಎರಡು ಧ್ವನಿಮಾ ಎಂಬುದಕ್ಕೆ ಹಲ್ಲಿ-ಹಳ್ಳಿ ಜೋಡಿಯೊಂದೇ ಸಾಕ್ಷಿ ಸಾಕು.

ಇಪ್ಪತ್ತರೊಳಗಿನ ಹಳಗನ್ನಡ

ಹತ್ತರ ಮಗ್ಗಿಯನ್ನು ಬಾಯಿಬಿಟ್ಟು ಹೇಳಿ: ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು. ಎಲ್ಲದರೊಳಗೂ ‘ಹತ್ತು’ ಇರಬೇಕಲ್ಲವೇ? ಹುಡುಕಿ. ‘ಪತ್ತು’ ಇದೆ, ‘ವತ್ತು’ ಇದೆ, ‘ಬತ್ತು’ ಇದೆ. ಮೊದಲನೆಯದನ್ನು ಬಿಟ್ಟರೆ ‘ಹತ್ತು’ ಎಲ್ಲೂ ಇಲ್ಲ.

ಹಳಗನ್ನಡದಲ್ಲಿ ಹತ್ತು ‘ಪತ್ತು’ ಆಗಿತ್ತು. 10ನೇ ಶತಮಾನದ ಪಂಪನ ಕನ್ನಡದಲ್ಲಿ ಹಾಲು ಪಾಲ್, ಹುಲಿ ಪುಲಿ, ಹೂ ಪೂ. ಮುಂದೆ ಪದದ ಮೊದಲಲ್ಲಿದ್ದ ‘ಪ’ ಸಡಿಲಾಗಿ ‘ಹ’ ಆಯಿತು. ಪಕ್ಕದ ತಮಿಳಿನಲ್ಲಿ ಇಂದಿಗೂ ಪಾಲ್, ಪುಲಿ, ಪತ್ತು. ತುಳುವಿನಲ್ಲಿ ಪಿಲಿ, ಪೂ. ಹೀಗೆ ‘ಹ’ ಆದದ್ದು ಪದದ ಮೊದಲಿನ ‘ಪ’ ಮಾತ್ರ. ನಡುವೆ ಸಿಕ್ಕಿಕೊಂಡದ್ದು ಪಾರಾಯಿತು. ಇಪ್ಪತ್ತು, ಎಪ್ಪತ್ತುಗಳಲ್ಲಿ ದ್ವಿತ್ವದ ಆಶ್ರಯ ಸಿಕ್ಕಿ ‘ಪ’ ಹಾಗೆಯೇ ಉಳಿದಿದೆ, ಅಪ್ಪ, ಉಪ್ಪು, ತುಪ್ಪಗಳಲ್ಲಿ ಉಳಿದ ಹಾಗೆ. ಎಂಬತ್ತು, ತೊಂಬತ್ತುಗಳಲ್ಲಿ ‘ಮ್’ ಪಕ್ಕದಲ್ಲಿ ಕೂತು ‘ಬ’ ಆಗಿದೆ. ‘ಕಣ್’ ಮತ್ತು ‘ಪನಿ’ ಸೇರಿ ಕಂಬನಿ ಆದದ್ದು ಇದೇ ದಾರಿಯಲ್ಲಿ. ಉಳಿದ ನಾಲ್ಕರಲ್ಲಿ ‘ವ’ ಆಗಿ ಮೆತ್ತಗಾಗಿದೆ. ಶಾಲೆಯಲ್ಲಿ “ಲೋಪ, ಆಗಮ, ಆದೇಶ” ಎಂದು ರಾಗವಾಗಿ ಒಪ್ಪಿಸಿದ್ದೆವಲ್ಲ, ಆ ಆದೇಶ ಸಂಧಿ ದಿನಾ ಸಂತೆಯಲ್ಲಿ ಎಣಿಸುವ ದುಡ್ಡಿನೊಳಗೇ ಇತ್ತು. 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜನಿಗೆ ಕತಪಗಳು ಗದಬಗಳಾಗುವುದು ಎಷ್ಟು ಮುಖ್ಯವಾಗಿ ಕಂಡಿತೆಂದು ಎಂಬತ್ತನ್ನು ಒಮ್ಮೆ ಒಡೆದು ನೋಡಿದವರಿಗೆ ತಿಳಿಯುತ್ತದೆ.

ಮನೆಗೆಲಸಕ್ಕೆ ಎರಡು ಪಟ್ಟಿ. ಹಬ್ಬ (ಪರ್ವ), ಹಕ್ಕಿ (ಪಕ್ಷಿ), ಹೊತ್ತಗೆ ಒಂದರಲ್ಲಿ. ಪುಸ್ತಕ, ಪತ್ರ, ಪೆನ್ನು, ಪೊಲೀಸು ಇನ್ನೊಂದರಲ್ಲಿ. ಎಲ್ಲವೂ ಹೊರಗಿನಿಂದ ಬಂದ ಪದಗಳೇ. ಮೊದಲಿನವು ‘ಹ’ ಆದವು, ಎರಡನೆಯವು ಆಗಲಿಲ್ಲ. ಯಾಕಿರಬಹುದು? ಸುಳಿವು: ‘ಹೊತ್ತಗೆ’ ಮತ್ತು ‘ಪುಸ್ತಕ’ ಒಂದೇ ಮೂಲದವು, ಬೇರೆ ಬೇರೆ ಹೊತ್ತಿನಲ್ಲಿ ಬಂದ ನೆಂಟರು.

ಹುಲಿ ಕೊಂದ ಸಳ

ವಾಕ್ಯರಚನೆಯ ಅಭ್ಯಾಸಕ್ಕೆ ಮರದ ಚಿತ್ರ ಬರೆಯುವುದರಿಂದ ಶುರುಮಾಡಿದರೆ ಬೇಗ ಬೇಸರ ಬರುತ್ತದೆ. ಎರಡರ್ಥದ ಮಾತಿನಿಂದ ಶುರುಮಾಡಿ. “ಹುಲಿ ಕೊಂದ ಹುಡುಗ.” ಯಾರು ಸತ್ತರು? ಹುಲಿ ಸತ್ತಿರಬಹುದು, ಹುಡುಗನೂ ಸತ್ತಿರಬಹುದು. “ಹುಲಿ ಕೊಂದ ಸಳ” ಎಂದರೆ ನಮಗೆ ಗೊಂದಲವಾಗದಿರುವುದು ವ್ಯಾಕರಣದ ಪುಣ್ಯದಿಂದಲ್ಲ, ಹೊಯ್ಸಳರ ಕಥೆ ಗೊತ್ತಿರುವುದರಿಂದ, ಬೇಲೂರಿನ ಶಿಲ್ಪ ಕಣ್ಣಿಗೆ ಬರುವುದರಿಂದ. ‘ಹುಲಿಯನ್ನು’ ಎಂದು ಪ್ರತ್ಯಯ ಹಚ್ಚಿದ ಕೂಡಲೇ ಹುಡುಗ ಬದುಕಿಕೊಂಡ.

ಈಗ ಇದನ್ನು ಮುಂದಕ್ಕೆ ಎಳೆಯಿರಿ. ನಾನು ಊಟ ಮಾಡಿದ ತಟ್ಟೆ, ನಾನು ಊಟ ಮಾಡಿದ ಹೋಟೆಲು, ನಾನು ಊಟ ಮಾಡಿದ ದಿನ. ತಟ್ಟೆಗೂ ಊಟಕ್ಕೂ ಒಂದು ಸಂಬಂಧ, ದಿನಕ್ಕೂ ಊಟಕ್ಕೂ ಇನ್ನೊಂದು. ಯಾವ ಪ್ರತ್ಯಯವೂ ಅದನ್ನು ಹೇಳುತ್ತಿಲ್ಲ, ಆದರೂ ಕೇಳಿದವರಿಗೆ ತಿಳಿಯುತ್ತದೆ. ಹಾಗಾದರೆ ಎಲ್ಲ ಸಂಬಂಧವೂ ನಡೆಯುತ್ತದೆಯೇ? ಗೆಳೆಯನ ಜೊತೆ ಊಟ ಮಾಡಿದೆ ಎಂಬ ಅರ್ಥದಲ್ಲಿ ‘ನಾನು ಊಟ ಮಾಡಿದ ಗೆಳೆಯ’ ಎಂದು ಹೇಳಿ ನೋಡಿ. ಬಾಯಿ ಒಪ್ಪುವುದಿಲ್ಲ. ಭಾಷಾವಿಜ್ಞಾನಿಗಳು ಇಂಥ ಒಪ್ಪದ ವಾಕ್ಯದ ಮುಂದೆ ಒಂದು ನಕ್ಷತ್ರ ಚಿಹ್ನೆ ಹಾಕುತ್ತಾರೆ. ನೋಟ್‌ಬುಕ್ಕಿನಲ್ಲಿ ಸರಿಯಾದ ವಾಕ್ಯಗಳಿಗಿಂತ ನಕ್ಷತ್ರದ ವಾಕ್ಯಗಳೇ ಹೆಚ್ಚು ಬೆಲೆಯವು. ಗಡಿ ಎಲ್ಲಿದೆಯೆಂದು ತೋರಿಸುವುದು ಅವೇ.

ಯಾವ ಪದಗಳು ಒಟ್ಟಿಗೆ ಒಂದು ಕಟ್ಟು ಎಂದು ತಿಳಿಯಲು ಅವಧಾರಣೆಯ ‘ಏ’ ಒಳ್ಳೆಯ ಚಾಕು. “ನಮ್ಮ ದೊಡ್ಡ ಮಾವ ನಿನ್ನೆ ಹಾಸನಕ್ಕೆ ಹೋದರು.” ಮಾವನೇ ಹೋದರು, ನಿನ್ನೆಯೇ ಹೋದರು, ಹಾಸನಕ್ಕೇ ಹೋದರು. ‘ದೊಡ್ಡ’ದ ಮೇಲೆ ಮಾತ್ರ ‘ಏ’ ನಿಲ್ಲುವುದಿಲ್ಲ. ‘ನಮ್ಮ ದೊಡ್ಡ ಮಾವ’ ಒಂದೇ ಗಂಟು, ಗಂಟಿನ ನಡುವೆ ಚಾಕು ಇಳಿಯುವುದಿಲ್ಲ. ಕವಿ ಎ.ಕೆ. ರಾಮಾನುಜನ್ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ಪಿಎಚ್‌.ಡಿ. ಪಡೆದದ್ದು ಕನ್ನಡ ವಾಕ್ಯಗಳ ಇಂಥ ಒಳಗಟ್ಟನ್ನು ನಿಯಮಗಳಲ್ಲಿ ಬರೆದಿಟ್ಟಿದ್ದಕ್ಕೆ. ಅವರ ಕವಿತೆ ಓದಿದವರಿಗೆ ಈ ಸಂಗತಿ ಅಷ್ಟಾಗಿ ಗೊತ್ತಿರುವುದಿಲ್ಲ.

ಕೊನೆಯ ಅಭ್ಯಾಸದಲ್ಲಿ ನಮ್ಮ ‘ಗೆ’ ಮತ್ತೆ ಬರುತ್ತದೆ. “ರಾಜುವಿಗೆ ತನ್ನ ಊರು ನೆನಪಾಯಿತು.” ಕ್ರಿಯಾಪದ ಯಾರ ಮಾತು ಕೇಳುತ್ತಿದೆ? ‘ನೆನಪಾಯಿತು’ ಎಂಬುದು ನಪುಂಸಕ ಏಕವಚನ, ಊರಿನ ಜೊತೆ ಹೊಂದಿಕೊಂಡಿದೆ. ಹಾಗಾದರೆ ಕರ್ತೃ ಊರು. ಆದರೆ ‘ತನ್ನ’ ಯಾರದ್ದು? ರಾಜುವಿನದ್ದು. ಸಾಮಾನ್ಯವಾಗಿ ‘ತಾನು’ ಕೈತೋರಿಸುವುದು ಕರ್ತೃವಿನ ಕಡೆಗೆ. ಒಂದು ಪರೀಕ್ಷೆ ಊರನ್ನು ಕರ್ತೃ ಎನ್ನುತ್ತದೆ, ಇನ್ನೊಂದು ರಾಜುವನ್ನು. ಹಸಿವು, ಸಿಟ್ಟು, ನೆನಪು, ನಿದ್ದೆ, ಕನ್ನಡ ಬರುವುದು, ಎಲ್ಲದರಲ್ಲೂ ಈ ತಿಕ್ಕಾಟ ಇದೆ. ಒಂದೊಂದಕ್ಕೂ ‘ತನ್ನ’ ಹಾಕಿ ವಾಕ್ಯ ಮಾಡಿ, ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಪಟ್ಟಿ ಮಾಡಿ.

ಕೇಳುವ ಬಗೆ

ಮನೆಯ ಹಿರಿಯರನ್ನು ಕೇಳುವಾಗ “ಇದು ಸರಿಯೋ ತಪ್ಪೋ” ಎನ್ನಬೇಡಿ. ಆ ಪ್ರಶ್ನೆಗೆ ಎಲ್ಲರೂ ಪಠ್ಯಪುಸ್ತಕದ ಕನ್ನಡಕ್ಕೆ ಹಾರುತ್ತಾರೆ. “ಹೀಗೆ ಯಾರಾದರೂ ಅಂತಾರಾ?” ಎಂದು ಕೇಳಿ. ಧಾರವಾಡದ ಅತ್ತೆ ‘ಮನಿ’ ಎಂದರೆ ‘ಮನೆ’ ಎಂದು ತಿದ್ದಿ ಬರೆದುಕೊಳ್ಳಬೇಡಿ. ಅವರು ಎಲಿ, ಮನಿ ಎನ್ನುವುದರಲ್ಲೂ ನಿಯಮವಿದೆ, ಅದನ್ನು ಹುಡುಕುವುದೇ ಮುಂದಿನ ಅಭ್ಯಾಸ. ಯಾರ ಬಾಯಿಂದ ಕೇಳಿದಿರಿ, ಅವರ ಊರು ಯಾವುದು ಎಂದು ಪಕ್ಕದಲ್ಲಿ ಗುರುತು ಹಾಕಿ.

ಇದನ್ನು ಆಟವಾಗಿ ಆಡಬೇಕೆನ್ನುವ ಹೈಸ್ಕೂಲು ಮಕ್ಕಳಿಗೆ ಭಾಷಾವಿಜ್ಞಾನದ ಒಲಿಂಪಿಯಾಡ್ ಇದೆ. ಅಂತಾರಾಷ್ಟ್ರೀಯ ಸ್ಪರ್ಧೆ 2003ರಲ್ಲಿ ಬಲ್ಗೇರಿಯಾದಲ್ಲಿ ಶುರುವಾಯಿತು, 2016ರಲ್ಲಿ ನಮ್ಮ ಮೈಸೂರಿನಲ್ಲೇ ನಡೆಯಿತು. ಭಾರತದ ತಂಡಕ್ಕೆ ದಾರಿ ಪಾಣಿನಿ ಭಾಷಾವಿಜ್ಞಾನ ಒಲಿಂಪಿಯಾಡ್. ಕೊಟ್ಟ ಭಾಷೆ ಗೊತ್ತಿರಬೇಕಾಗಿಲ್ಲ; ಕೊಟ್ಟ ಪದಗಳನ್ನು ಕಂಬಗಳಲ್ಲಿ ಹಂಚಿ, ಊಹಿಸಿ, ಊಹೆ ಮುರಿದು, ಮತ್ತೆ ಊಹಿಸಬೇಕು. ಹಾಸನದ ಬಸ್ಸಿನಲ್ಲಿ ಮಾಡಿದ್ದೇ.

ಅಕ್ಕನ ಮಗಳು ಸ್ವಾಹಿಲಿಯ ಹಾಳೆಯನ್ನು ಒಂದೂವರೆ ಗಂಟೆಯಲ್ಲಿ ಮುಗಿಸಿದಳು. ಮರುದಿನ ಅವಳಿಂದ ಒಂದು ಸಾಲಿನ ಸಂದೇಶ: “ಮಾಮ, ಅಜ್ಜಿ ಸಿನಿಮಾಕ್ಕೆ ಅಂತಾರೆ, ನಾನು ಸಿನಿಮಾಗೆ ಅಂತೀನಿ. ಅಮ್ಮ ಎರಡೂ ಅಂತಾರೆ. ಆ ದೀರ್ಘ ಆದರೆ ಏನು ನಿಯಮ?” ಕೊರೊನಾ, ಅಮೆರಿಕಾ, ಪಿಜ್ಜಾ, ಡಾಟಾ ಎಂದು ನಾನೂ ಪಟ್ಟಿ ಶುರುಮಾಡಿದ್ದೇನೆ. ನಿಮ್ಮ ಮನೆಯಲ್ಲಿ ಏನಂತಾರೆ? ವಯಸ್ಸು, ಊರು ಸೇರಿಸಿ ಬರೆದುಕೊಳ್ಳಿ.